ಹೊರಟದ್ದು ಐಸ್‌ಲ್ಯಾಂಡಿಗೆ, ಬೆವರಿದ್ದು ಫಳ್ನೀರಿನಲ್ಲಿ

ನಾನು ಯಾವುದಾದರೂ ಕೆಲಸವನ್ನು ಸದ್ದಿಲ್ಲದೆ ಮುಗಿಸೋಣ ಎಂದು ಹೊರಟಾಗಲೇ ಎಲ್ಲರಿಗೂ ನನ್ನ ಮೇಲೆ ಕಾಳಜಿ ಉಕ್ಕುತ್ತದೆ. ಈ ಸಲ ಹೊರಟದ್ದು ಐಸ್‌ಲ್ಯಾಂಡಿಗೆ. ಅಲ್ಲಿ ರಾತ್ರಿ ಆಕಾಶದಲ್ಲಿ ಕುಣಿಯುವ ಹಸಿರು ಬೆಳಕನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕೆಂಬುದು ನನ್ನ ಬಹುಕಾಲದ ಹುಚ್ಚು. ಆದರೆ ಹೆಂಡತಿ ಒಪ್ಪಬೇಕಲ್ಲ? "ಆ ಚಳಿ ನಮಗೆ ಆಗುವಂಥದ್ದಲ್ಲ. ಮೊದಲು ತಯಾರಿ ಆಗ್ಲಿ, ಮತ್ತೆ ಟಿಕೆಟ್" ಎಂದುಬಿಟ್ಟಳು.

ಜಾಕೆಟ್

ನಮ್ಮೂರ ಫಳ್ನೀರಿನ ಒಂದು ಬಟ್ಟೆ ಅಂಗಡಿಯಲ್ಲಿ, ಮೈನಸ್ ಹತ್ತು ಡಿಗ್ರಿ ಚಳಿ ತಡೆಯುವ ಜಾಕೆಟ್ ಕೇಳಿದೆ. ಅಂಗಡಿಯವರು ರೈನ್‌ಕೋಟ್ ತಂದರು. ಅದಲ್ಲ ಎಂದಾಗ ಅಟ್ಟದಿಂದ ಹಾಸಿಗೆಯಷ್ಟು ದಪ್ಪದ ಜಾಕೆಟ್ ಇಳಿಸಿ, ಧೂಳು ಕೊಡವಿ, ನನಗೆ ತೊಡಿಸಿ, ಕತ್ತಿನ ತನಕ ಜಿಪ್ ಎಳೆದರು. ಎರಡೇ ನಿಮಿಷಕ್ಕೆ ಹಣೆಯಿಂದ ನೀರಿಳಿಯತೊಡಗಿತು.

"ನೋಡಿ ಸಾರ್, ಹೇಗೆ ಬೆವರ್ತಾ ಉಂಟು! ಫಸ್ಟ್ ಕ್ಲಾಸ್ ಮಾಲು."

"ಮಾರಾಯ್ರೆ, ನಾನು ಮನೆಯಲ್ಲಿ ಬನಿಯನ್‌ನಲ್ಲಿ ಕೂತರೂ ಇಷ್ಟೇ ಬೆವರ್ತೇನೆ."

ಅವರು ನನ್ನನ್ನೊಮ್ಮೆ ಕನಿಕರದಿಂದ ನೋಡಿದರು. "ಹಾಗಾದ್ರೆ ಜಾಕೆಟ್ ಎಂತಕ್ಕೆ ಸಾರ್? ಬನಿಯನ್ ಸಾಕಲ್ಲ?"

ಅಮ್ಮನ ಸೂಟ್‌ಕೇಸ್

ಟಿಕೆಟ್ ಆಗುವ ಮೊದಲೇ ಅಮ್ಮ ಸೂಟ್‌ಕೇಸ್ ತುಂಬಿಸಿದ್ದರು. ತೆರೆದರೆ ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಅದರಡಿ ಪೇಪರಿನಲ್ಲಿ ಸುತ್ತಿದ ಒಣ ಮೀನು. ನನಗೆ ರೇಗಿತು.

"ಅಮ್ಮಾ, ಅದು ದ್ವೀಪ. ಸುತ್ತ ಸಮುದ್ರ. ಅಲ್ಲಿಯವರು ತಿನ್ನುವುದೇ ಮೀನು!"

"ಬಂಗುಡೆ ಸಿಗ್ತದಾ?"

"ಎಲ್ಲ ಸಿಗ್ತದೆ."

ಅಮ್ಮ ಒಣ ಮೀನಿನ ಪೊಟ್ಟಣ ಹೊರಗೆ ತೆಗೆದರು. ಗೆದ್ದೆ ಎಂದುಕೊಂಡೆ.

"ಹಾಗಾದ್ರೆ ಈ ಜಾಗ ಖಾಲಿ ಇರ್ಲಿ. ಬರುವಾಗ ಎರಡು ಕೆಜಿ ತಾ ಮಗಾ. ಇಲ್ಲಿ ಭಾರೀ ಸಣ್ಣದು ಬರ್ತಾ ಉಂಟು."

ಬೆಂಗ್ರೆಯ ಪರೀಕ್ಷೆ

ಕೊನೆಗೆ ಹೆಂಡತಿಯ ಸೋದರಮಾವ ಉಪಾಯ ಹೇಳಿದರು. ಅವರದು ಹೊಳೆಯಾಚೆಯ ಬೆಂಗ್ರೆಯಲ್ಲಿ ಬೋಟಿನ ವ್ಯವಹಾರ. "ಗುರ್ತದವರ ಮೀನಿನ ಕೋಲ್ಡ್ ಸ್ಟೋರೇಜ್ ಉಂಟು, ಮೈನಸ್ ಹದಿನೆಂಟು. ಇಬ್ರೂ ಹತ್ತು ನಿಮಿಷ ನಿಂತು ನೋಡಿ. ಆದ್ರೆ ಹೋಗಿ, ಇಲ್ಲದಿದ್ರೆ ಬಿಡಿ."

ಹೆಂಡತಿ ತಕ್ಷಣ ಒಪ್ಪಿದಳು. ಫ್ಯಾನ್ ಮೂರಕ್ಕಿಟ್ಟರೆ ಹೊದಿಕೆ ಎಳೆದುಕೊಳ್ಳುವವಳು ಅವಳು. ಅವಳಿಂದಾಗಿ ನನ್ನ ಐಸ್‌ಲ್ಯಾಂಡ್ ಇಲ್ಲೇ ಮುಗಿಯಿತು ಎಂದುಕೊಂಡೆ.

ಬಿರುಬಿಸಿಲಿನಲ್ಲಿ, ಕೊನೆಗೂ ಕೊಂಡಿದ್ದ ಆ ಜಾಕೆಟ್, ಮಂಕಿ ಕ್ಯಾಪ್, ಗ್ಲೌಸ್ ಏರಿಸಿಕೊಂಡು ಫೆರಿ ಹತ್ತಿದೆ. ಬುಟ್ಟಿ ಹಿಡಿದು ಕೂತಿದ್ದ ಮೀನು ಮಾರುವ ಅಕ್ಕ ಸ್ವಲ್ಪ ದೂರ ಸರಿದು ಕೇಳಿದರು: "ಎಂತ ಅಣ್ಣಾ, ಮಲೇರಿಯಾವಾ?"

ನಮ್ಮಿಬ್ಬರ ಹಿಂದೆ ಕೋಲ್ಡ್ ಸ್ಟೋರೇಜಿನ ಬಾಗಿಲು ಮುಚ್ಚಿತು. ಒಂದನೇ ನಿಮಿಷ ಮೂಗು ಹೋಯಿತು, ಎರಡನೆಯದಕ್ಕೆ ಕಿವಿ. ಮೂರನೆಯದಕ್ಕೆ ಹಲ್ಲುಗಳು ಕಟಕಟ ಹೊಡೆಯತೊಡಗಿದವು. ನಾಲ್ಕನೆಯದಕ್ಕೆ ನಾನು ಬಾಗಿಲು ಬಡಿದು ಹೊರಗೆ ಬಿಸಿಲಿನಲ್ಲಿದ್ದೆ. ಹೆಂಡತಿ ಪಾಪ ಒಳಗೇ ಬಿದ್ದಳೋ ಏನೋ ಎಂದು ಬಾಗಿಲನ್ನೇ ನೋಡುತ್ತ ನಿಂತೆ.

ಹದಿನೈದು ನಿಮಿಷವಾದ ಮೇಲೆ ಬಂದಳು. ಸೀರೆಯ ಮೇಲೊಂದು ಸಾದಾ ಸ್ವೆಟರ್, ಕಂಕುಳಲ್ಲಿ ಕಲ್ಲಿನಂತೆ ಗಟ್ಟಿಯಾದ ಒಂದು ಅಂಜಲ್ ಮೀನು.

"ಒಳಗೆ ಕೆಲಸ ಮಾಡುವವರು ಎಷ್ಟು ಒಳ್ಳೆಯವರು! ಒಳ್ಳೇದು ಬೇಕು ಅಂದ್ರೆ ಇಡೀ ರಾಶಿ ತೆಗೆದು ತೋರಿಸಿದ್ರು" ಎಂದಳು. ಮತ್ತೆ ಕಂಬಕ್ಕೊರಗಿ ನಡುಗುತ್ತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿ, ಫೋನ್ ತೆಗೆದು ನನ್ನ ಅಮ್ಮನಿಗೇ ಕರೆ ಮಾಡಿದಳು:

"ಅತ್ತೇ, ನಿಮ್ಮ ಪಾಸ್‌ಪೋರ್ಟ್ ಎಲ್ಲಿ ಉಂಟು? ಇವರಿಗೆ ಆಗ್ಲಿಕ್ಕಿಲ್ಲ."