ಕೊಬ್ಬರಿ ಎಣ್ಣೆಗೆ ಎಷ್ಟು ಬಾಗಿಲು?

ಇಟ್ಟ ಸಾಮಾನು ಇಟ್ಟಲ್ಲೇ ಇರದ ಮನೆಯಲ್ಲಿ ನನಗೆ ನಿದ್ದೆ ಬರುವುದಿಲ್ಲ. ಮೈಸೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ವಾರ್ಡನ್ ಆಗಿದ್ದವಳು ನಾನು. ಅಲ್ಲಿ ಬಕೆಟ್ಟುಗಳು ಕೂಡ ನನ್ನನ್ನು ಕಂಡರೆ ಸಾಲಾಗಿ ನಿಲ್ಲುತ್ತಿದ್ದವು. ಈಗ ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿ, ಮಗನ ಮನೆಯಲ್ಲಿ, ನನ್ನ ಮಾತು ಕೇಳುವುದು ಮಸಾಲೆ ಡಬ್ಬಿಗಳು ಮಾತ್ರ. ಊಟವಾದ ಮೇಲೆ ಕಿಟಕಿಯ ಪಕ್ಕ ಕೂತು ಜಕರಾಂಡದ ನೇರಳೆ ಹೂಗಳು ಉದುರುವುದನ್ನು ನೋಡುತ್ತೇನೆ. ಅವೂ ಎಲ್ಲೆಂದರಲ್ಲಿ ಬೀಳುತ್ತವೆ. ಹೇಳುವವರಿಲ್ಲ, ಕೇಳುವವರಿಲ್ಲ.

ಸೊಸೆ ಶುಭಾ ಅಪ್ಪರ್ ಹಿಲ್‌ನ ಬ್ಯಾಂಕ್ ಕೆಲಸ ಬಿಟ್ಟು ನಮ್ಮ ಕಡೆಯ ದಿನಸಿ ಮಾರುವ ವೆಬ್‌ಸೈಟ್ ತೆರೆದಿದ್ದಾಳೆ. ಜನ ಬರುತ್ತಿದ್ದರು, ಹುಡುಕುತ್ತಿದ್ದರು, ಸಿಗದೆ ಹೊರಟುಹೋಗುತ್ತಿದ್ದರು. "ದೀಪಾವಳಿಗೂ ಹೀಗೇ ಆದ್ರೆ ಅಂಗಡಿ ಮುಚ್ಚಿ ವಾಪಸ್ ಬ್ಯಾಂಕಿಗೇ ಹೋಗ್ಬೇಕು ಅತ್ತೆ. ಮೆನು ಸರಿ ಇಲ್ಲ, ನೀವು ಸ್ವಲ್ಪ ನೋಡ್ತೀರಾ?" ಎಂದಳು. ಮೆನು ಎಂದರೆ ನನಗೆ ಗೊತ್ತಿದ್ದದ್ದು ಹೋಟೆಲ್ಲಿನ ಇಡ್ಲಿ-ವಡೆ ಬೋರ್ಡು. ಇದು ಬೇರೆ: ಮೇಲ್ಗಡೆ ಸಾಲಾಗಿ ಹೆಸರುಗಳು, ಒತ್ತಿದರೆ ಒಂದೊಂದು ಕೋಣೆ. ಕೋಣೆ ಹಂಚುವುದೇ ನನ್ನ ಜೀವಮಾನದ ಉದ್ಯೋಗವಾಗಿತ್ತಲ್ಲ! ಸೆರಗು ಸಿಕ್ಕಿಸಿ ಕೂತೆ.

ಒಂದು ಸಾಮಾನಿಗೆ ಒಂದೇ ಜಾಗ ಎಂಬುದು ನನ್ನ ಕಾನೂನು. ಬೇಳೆ ಅಡುಗೆಗೆ, ಊದುಬತ್ತಿ ಪೂಜೆಗೆ, ಸೀಗೇಪುಡಿ ಮತ್ತು ಕೊಬ್ಬರಿ ಎಣ್ಣೆ ಸ್ನಾನಕ್ಕೆ. "ಅಜ್ಜಿ, ವಾಟ್ ಇಫ್ ದೇ ಲುಕ್ ಸಮ್‌ವೇರ್ ಎಲ್ಸ್?" ಎಂದಳು ಮೊಮ್ಮಗಳು. "ಸರಿಯಾದ ಕಡೆ ಹುಡುಕೋದು ಕಲೀಲಿ" ಎಂದೆ.

ಮರುದಿನವೇ ಮೇಲಿನ ಮನೆಯ ವಿಮಲಾ, ಉಡುಪಿಯವರು, ಫೋನು ಹಿಡಿದು ಇಳಿದು ಬಂದರು.

"ಎಂತ ಮಾರಾಯ್ರೆ, ನಿಮ್ಮ ಅಂಗಡಿಯಲ್ಲಿ ತೆಂಗಿನೆಣ್ಣೆಯೇ ಇಲ್ವಾ? ಅಡುಗೆ ಒತ್ತಿ ಒತ್ತಿ ಬೆರಳು ನೋವಾಯ್ತು."

"ಅಡುಗೇಲಿ ಯಾಕೆ ನೋಡಿದ್ರಿ? ಸ್ನಾನದಲ್ಲಿದೆಯಲ್ಲ!"

"ಪಲ್ಯ ಮಾಡ್ಲಿಕ್ಕೆ ನಾನು ಬಚ್ಚಲಿಗೆ ಹೋಗ್ಬೇಕಾ?"

"ತಲೆಗೆ ಹಚ್ಚೋದನ್ನ ಪಲ್ಯಕ್ಕೆ ಹಾಕ್ತೀರಾ?"

"ಪಲ್ಯಕ್ಕೆ ಹಾಕುವುದನ್ನ ನೀವು ತಲೆಗೆ ಹಚ್ತೀರಿ. ನಾನು ಏನಾದ್ರೂ ಹೇಳಿದ್ನಾ?"

ನನಗೆ ನಗು ಬಂತು; ಶುಭಾಳಿಗೆ ಬರಲಿಲ್ಲ. "ನೋಡಿ ಅತ್ತೆ, ಜನ ಹೀಗೇ ಹೊರಟುಹೋಗೋದು" ಎಂದು ಒಳಗೆ ಹೋದಳು.

ಅಂದು ಮಧ್ಯಾಹ್ನ ಕಿಟಕಿಯ ಬಳಿ ಕಣ್ಣು ಎಳೆಯಿತು. ನಾನು ಹಾಸ್ಟೆಲ್ಲಿನ ಉದ್ದನೆಯ ಕಾರಿಡಾರಿನಲ್ಲಿ ನಡೆಯುತ್ತಿದ್ದೆ. ನೆಲದ ತುಂಬ ನೇರಳೆ ಹೂ. ಕೋಣೆಗಳಲ್ಲಿ ಹುಡುಗಿಯರ ಬದಲು ಬೆಲ್ಲದ ಅಚ್ಚುಗಳು, ಹೊದಿಕೆ ಎಳೆದುಕೊಂಡ ಹಪ್ಪಳಗಳು. ನಾನು ಹಾಜರಿ ಕೂಗಿದೆ. "ಕೊಬ್ಬರಿ ಎಣ್ಣೆ!" ಅಡುಗೆಯ ಕೋಣೆಯಿಂದ "ಬಂದೆ ಮೇಡಂ" ಎಂದಿತು. ಸ್ನಾನದ ಕೋಣೆಯಿಂದಲೂ ಅದೇ ದನಿ. ಪೂಜೆಯ ಕೋಣೆಯಲ್ಲಿ ಒಂದು ದೀಪ ಮಿನುಗುತ್ತ ಮೆಲ್ಲಗೆ "ಇಲ್ಲೂ ಇದ್ದೀನಿ" ಎಂದಿತು. ಗದರಬೇಕೆಂದು ಬಾಯಿ ತೆರೆದೆ. ದೀಪದ ಎಣ್ಣೆಯ ಆ ಪರಿಮಳಕ್ಕೆ ಬೈಗುಳ ಬರಲಿಲ್ಲ.

ಎದ್ದವಳೇ ಶುಭಾಳನ್ನು ಕರೆದು, "ಅದನ್ನ ಮೂರೂ ಕಡೆ ಹಾಕಮ್ಮ. ತೆಂಗಿನೆಣ್ಣೆ ಅಂತಾನೂ ಬರಿ" ಎಂದೆ. ಬರೀ ಎಣ್ಣೆಯಲ್ಲ, ಅರಿಸಿನ, ಕರ್ಪೂರ, ತೆಂಗಿನಕಾಯಿ, ಎಲ್ಲಕ್ಕೂ ಎರಡೋ ಮೂರೋ ಬಾಗಿಲು ಬಂದವು. ಹಬ್ಬದ ವಾರ ಪೊಟ್ಟಣ ಕಟ್ಟಿ ಕಟ್ಟಿ ಶುಭಾಳ ಕೈ ಸೋತಿತು. ಬ್ಯಾಂಕಿನ ಸುದ್ದಿಯನ್ನು ಅವಳು ಮತ್ತೆ ಎತ್ತಲಿಲ್ಲ.

ಆದರೆ ಅದು ವೆಬ್‌ಸೈಟಿನ ಮಾತು. ಮನೆಯಲ್ಲಿ ಕಾನೂನು ಕಾನೂನೇ. ಹಬ್ಬದ ಬೆಳಿಗ್ಗೆ ತಲೆ ಕೆದರಿಕೊಂಡು ಎಣ್ಣೆಸ್ನಾನಕ್ಕೆ ಹೊರಟೆ; ಬಚ್ಚಲ ಗೂಡಿನಲ್ಲಿ ಬಾಟಲಿ ಇಲ್ಲ. ವಿಮಲಾರ ಪಲ್ಯದ ಹುಚ್ಚು ಶುಭಾಳಿಗೂ ಹಿಡಿಯಿತೆಂದು ಗೊಣಗುತ್ತ ಅಡುಗೆಮನೆ ಜಾಲಾಡಿದೆ, ಅಲ್ಲೂ ಇಲ್ಲ. "ಯಾರು ತೆಗೆದಿದ್ದು?" ಎಂದು ವಾರ್ಡನ್ ದನಿಯಲ್ಲಿ ಕೂಗಿದೆ.

ಶುಭಾ ಕಣ್ಣುಜ್ಜಿಕೊಂಡು ಬಂದು, "ಇನ್ನೊಂದು ಬಾಗಿಲು ಉಳೀತಲ್ಲ ಅತ್ತೆ" ಎಂದಳು.

ದೇವರ ಮುಂದೆ, ದೀಪದ ಪಕ್ಕ, ಬಾಟಲಿ ತಣ್ಣಗೆ ಕೂತಿತ್ತು. ಹಿಂದಿನ ಸಂಜೆ ದೀಪ ಹಚ್ಚಿದವಳು ನಾನೇ.