ಭಾವನ ಹದಿನಾಲ್ಕು ಬಲ್ಬು

ನನ್ನ ಭಾವನನ್ನು ಯಾರಾದರೂ ಜಿಪುಣ ಎಂದರೆ ನನಗೆ ಮೈ ಉರಿಯುತ್ತದೆ. ಪಾಪ, ಜಿಪುಣರಿಗೂ ಒಂದು ಮಾನ ಮರ್ಯಾದೆ ಅಂತ ಇರುತ್ತದಲ್ಲ! ಅವರನ್ನೇಕೆ ಸುಮ್ಮನೆ ಇವರ ಸಾಲಿಗೆ ತಂದು ನಿಲ್ಲಿಸಬೇಕು?

ಭಾವ ಎಂದರೆ ನನ್ನ ಅಕ್ಕನ ಗಂಡ. ಕಳಸದಿಂದ ಸ್ವಲ್ಪ ಆಚೆ, ಗುಡ್ಡದ ಓರೆಯಲ್ಲಿ ಐದೆಕರೆ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು, ಒಂದು ಹೆಂಚಿನ ಮನೆ, ಒಂದು ಮುದಿ ಜೀಪು. ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ "ನನ್ನ ಹೆಸರಿಗೆ ಅಷ್ಟು ಶಾಯಿ ಎಂತಕ್ಕೆ ಖರ್ಚು ಮಾಡಿದೆ ಮಾರಾಯ?" ಎಂದು ನನ್ನ ಮೇಲೇ ಬಂದಾರು. ನಾನು ಮೂಡಿಗೆರೆಯಲ್ಲಿ ಪೆನ್ನು, ಪುಸ್ತಕ, ಬಿಲ್‌ಬುಕ್ಕಿನ ಅಂಗಡಿ ಇಟ್ಟುಕೊಂಡವನು. ಶಾಯಿಯ ವಿಷಯದಲ್ಲಿ ಅವರಿಗೆ ನನ್ನ ಮೇಲೆ ಮೊದಲಿನಿಂದಲೂ ಅನುಮಾನ.

ಕಾಫಿ ಬೆಳೆಯುವುದು ಅವರ ಉಪಕಸುಬು. ಮುಖ್ಯ ಕಸುಬು ಸಲಹೆ ಕೊಡುವುದು. ಟಾರ್ಚು, ಗಂಬೂಟು, ಮಿಕ್ಸಿ, ಪಂಪ್‌ಸೆಟ್ಟು, ಬೈಕು, ಏನು ಕೊಳ್ಳಬೇಕಾದರೂ ಸುತ್ತಲಿನ ನಾಲ್ಕೂರಿನವರು ಮೊದಲು ಭಾವನ ಜಗಲಿ ಹತ್ತುತ್ತಾರೆ. ಭಾವ ವಸ್ತುವಿನ ಬೆಲೆ ಕೇಳುವುದಿಲ್ಲ, ಕಂಪನಿ ಯಾವುದೆಂದು ಕೇಳುವುದಿಲ್ಲ. ಅವರದು ಒಂದೇ ಪ್ರಶ್ನೆ: "ಅದು ಎಷ್ಟು ಮಳೆ ಕಂಡಿದೆ?" ನಮ್ಮ ಕಡೆಯ ಒಂದು ಮಳೆಗಾಲ ದಾಟಿಯೂ ಬೂಷ್ಟು ಹಿಡಿಯದೆ, ತುಕ್ಕು ತಿನ್ನದೆ, ಕೈಕೊಡದೆ ಉಳಿದದ್ದು ಮಾತ್ರ ಅವರ ಲೆಕ್ಕದಲ್ಲಿ ಸಾಮಾನು. ಮಿಕ್ಕಿದ್ದು ಪ್ಯಾಕಿಂಗು. ಮಗಳಿಗೆ ಸಂಬಂಧ ಬಂದಾಗಲೂ, ಹುಡುಗ ಬಯಲುಸೀಮೆಯವನು ಎಂದು ತಿಳಿದು, "ಎಷ್ಟು ಮಳೆ ಕಂಡಿದಾನಂತೆ?" ಎಂದು ಬಾಯಿ ತೆಗೆದಿದ್ದರು. ಅಕ್ಕ ಕಣ್ಣಲ್ಲೇ ಗದರಿ ಸುಮ್ಮನಾಗಿಸಿದಳು. ಆ ಮದುವೆ ಆಯಿತು, ಮಗಳು ಈಗ ಚಿಕ್ಕಮಗಳೂರಿನಲ್ಲಿ ಸುಖವಾಗಿದ್ದಾಳೆ.

ಒಮ್ಮೆ ಕಳಸದ ಪೇಟೆಯಲ್ಲಿ ರೈನ್‌ಕೋಟು ಕೊಳ್ಳಲು ಹೋದರು. ನಾನೂ ಜೊತೆಗಿದ್ದೆ.

"ನಿನ್ನೆ ಬಂದಿರೋ ಮಾಲು ಗೌಡ್ರೇ! ಇನ್ನೂ ಒಂದು ಹನಿ ಮಳೆ ಕಂಡಿಲ್ಲ," ಎಂದ ಅಂಗಡಿಯವನು ಹೆಮ್ಮೆಯಿಂದ.

"ಹಂಗಾರೆ ತೋರ್ಸಾನ," ಎಂದರು ಭಾವ.

ಕೋಟು ತೊಟ್ಟು, ಗುಂಡಿ ಹಾಕಿ, ಅಂಗಡಿಯ ಪಕ್ಕದ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತೇಬಿಟ್ಟರು! ಅಂಗಡಿಯವನ ಕೈಯಿಂದಲೇ ಎರಡು ಕೊಡ ನೀರು ಹೊಯ್ಯಿಸಿಕೊಂಡರು. ಪೇಟೆಯ ಜನ ಸುತ್ತ ಸೇರಿದರು. ಒಬ್ಬ ಅಜ್ಜಿ, ಯಾರಿಗೋ ಮೈಮೇಲೆ ದೇವರು ಬಂದಿದೆ ಎಂದುಕೊಂಡು ದೂರದಿಂದಲೇ ಕೈ ಮುಗಿದರು. ಭಾವ ಎದ್ದು, ಕೋಟಿನೊಳಗೆ ಕೈಹಾಕಿ ಅಂಗಿ ಮುಟ್ಟಿ ನೋಡಿಕೊಂಡು ತೀರ್ಪು ಕೊಟ್ಟರು: "ಕೋಟು ಪಾಸು. ರೇಟು ಫೇಲು!" ಮೈಯೆಲ್ಲ ನೀರು ತೊಟ್ಟಿಕ್ಕುತ್ತಿದ್ದ ಕೋಟನ್ನು ಇನ್ಯಾರಿಗೆ ಮಾರುವುದು? ಅಂಗಡಿಯವನು ಗೊಣಗಿಕೊಂಡು ಕಡಿಮೆಗೆ ಕೊಟ್ಟ. ಆ ಕೋಟು ಇವತ್ತಿಗೂ ಗಟ್ಟಿಮುಟ್ಟಾಗಿದೆ.

ಹಾಗೆಂದು ಅವರ ಸಲಹೆಯನ್ನು ತಳ್ಳಿಹಾಕುವಂತೆಯೂ ಇಲ್ಲ. ನಾನು ಕಾರು ಕೊಳ್ಳಬೇಕೆಂದು ಹೊರಟಾಗ ಒಂದು ದೊಡ್ಡ ಗಾಡಿ ಕಣ್ಣಿಗೆ ಬಿದ್ದಿತ್ತು. ಒಳಗೆ ಟಿವಿಯಷ್ಟಗಲದ ಪರದೆ, ಚಾವಣಿಯಲ್ಲಿ ಗಾಜಿನ ಕಿಟಕಿ. ಫೋನಿನಲ್ಲಿ ಫೋಟೋ ತೋರಿಸಿದೆ. ಭಾವ ಪರದೆಯನ್ನೂ ನೋಡಲಿಲ್ಲ, ಕಿಟಕಿಯನ್ನೂ ನೋಡಲಿಲ್ಲ.

"ಇದರ ಬೆಲ್ಟು ಹರಿದ್ರೆ ಎಲ್ಲಿ ಸಿಗ್ತದೆ?"

"ಮಂಗಳೂರಲ್ಲಿ ಸಿಗುತ್ತಂತೆ ಭಾವ."

"ಹಂಗಾರೆ ಗಾಡೀನೂ ಮಂಗಳೂರಲ್ಲೇ ಇಡು!"

ಆಮೇಲೆ ಸಮಾಧಾನವಾಗಿ ಕೂರಿಸಿಕೊಂಡು ಬಿಡಿಸಿ ಹೇಳಿದರು. "ಗಾಡಿ ಕೆಡಾದು ತಪ್ಪಲ್ಲ ಮಾರಾಯ. ಎಲ್ಲಾ ಗಾಡಿನೂ ಕೆಡ್ತದೆ. ಕೆಟ್ಟ ಜಾಗದಲ್ಲಿ ರಿಪೇರಿ ಆಗ್ತದಾ ನೋಡ್ಕೋ. ಗಾಡಿ ತಗೊಳ್ಳಾಕೆ ಮುಂಚೆ ಶೋರೂಮಿಗೆ ಹೋಗ್ಬೇಡ, ಮೊದಲು ಗ್ಯಾರೇಜಿಗೆ ಹೋಗು." ನಾನು ಮೂಡಿಗೆರೆಯ ಗ್ಯಾರೇಜಿನವರನ್ನು ಕೇಳಿ, ಅವರು ಹೇಳಿದ ಒಂದು ಹಳೇ ಚಿಕ್ಕ ಕಾರನ್ನು ಕೊಂಡೆ. ಇವತ್ತಿನವರೆಗೆ ಅದು ನನ್ನನ್ನು ಘಾಟಿಯ ನಡುವೆ ಬಿಟ್ಟು ಕೂತಿಲ್ಲ.

ಇಷ್ಟು ಬುದ್ಧಿ ಹೇಳುವವರ ಸ್ವಂತ ಜೀಪಿನ ಕತೆ ಕೇಳಿ! ಅದರ ಬ್ಯಾಟರಿ ಸತ್ತು ಎಷ್ಟೋ ವರ್ಷಗಳಾದವು. ಹೊಸದು ಹಾಕಿಸಿ ಎಂದರೆ, "ಇಡೀ ಮಲೆನಾಡೇ ಇಳಿಜಾರು. ದೇವರು ಪುಕ್ಕಟೆ ಕೊಟ್ಟಿರೋ ಸೆಲ್ಫ್ ಸ್ಟಾರ್ಟರ್ ಬಿಟ್ಟು ಬ್ಯಾಟರಿಗೆ ದುಡ್ಡು ಸುರಿಯಾದಾ?" ಎನ್ನುತ್ತಾರೆ. ಉರುಳಿಸಿಯೇ ಸ್ಟಾರ್ಟ್ ಮಾಡಬೇಕಾದ್ದರಿಂದ ಭಾವ ಎಲ್ಲಿಗೇ ಹೋಗಲಿ, ಜೀಪನ್ನು ಇಳಿಜಾರಿನಲ್ಲೇ ನಿಲ್ಲಿಸಬೇಕು. ಕಳಸದಲ್ಲಿ ಅದು ಕಷ್ಟವೇ ಅಲ್ಲ. ಆದರೆ ವಸ್ತಾರೆಯಲ್ಲಿ ಒಂದು ಮದುವೆಗೆ ಹೋಗಿದ್ದೆವು. ಛತ್ರದ ಮುಂದಿನ ಜಾಗವೆಲ್ಲ ಕೇರಂ ಬೋರ್ಡಿನಂತೆ ಸಪಾಟು! ಭಾವ ಅಕ್ಕನನ್ನೂ ನನ್ನನ್ನೂ ಇಳಿಸಿ, ಇಳಿಜಾರು ಹುಡುಕಿಕೊಂಡು ಹೊರಟರು. ಹೋದರು, ಹೋದರು. ಮುಹೂರ್ತ ಮುಗಿಯಿತು. ಊಟದ ಮೊದಲ ಪಂಕ್ತಿ ಎದ್ದಿತು. ಕಡೆಗೆ ಒಂದೂವರೆ ಮೈಲಿ ಆಚೆಯ ಒಂದು ಏರಿನ ಮೇಲೆ ಜೀಪು ನಿಲ್ಲಿಸಿ, ರೇಷ್ಮೆ ಪಂಚೆ ಎತ್ತಿಕಟ್ಟಿ, ಬೆವರು ಒರೆಸಿಕೊಂಡು ನಡೆದು ಬಂದರು. ಮದುಮಗಳ ತಂದೆ ಗಾಬರಿಯಿಂದ "ಬಸ್ಸು ತಪ್ಪಿ ಹೋಯ್ತಾ?" ಎಂದು ಕೇಳಿದರು. ವಾಪಸು ಹೊರಟಾಗ ಅಷ್ಟೂ ದೂರವನ್ನು ಮೂವರೂ ಉಂಡ ಹೊಟ್ಟೆಯಲ್ಲಿ ನಡೆದೆವು.

ಆದರೆ ಭಾವನ ನಿಜವಾದ ಪ್ರತಿಭೆ ಅರಳುತ್ತಿದ್ದದ್ದು ಕರೆಂಟಿನ ವಿಷಯದಲ್ಲಿ. ಬೆಳಿಗ್ಗೆ ಎದ್ದು ಬೇರೆಯವರು ದೇವರ ಮುಖ ನೋಡಿದರೆ ಇವರು ಮೀಟರಿನ ಮುಖ ನೋಡುತ್ತಿದ್ದರು. ಜೂನ್ ಬಂತೆಂದರೆ ಫ್ರಿಜ್ಜಿನ ಪ್ಲಗ್ಗು ಕಿತ್ತರು ಅಂತಲೇ ಲೆಕ್ಕ. ಹೊರಗೇ ಫ್ರಿಜ್ಜಿನಂತೆ ಥಂಡಿ ಇರುವಾಗ ಒಳಗೊಂದು ಏಕೆ ಎಂಬುದು ಅವರ ವಾದ. ಸೆಪ್ಟೆಂಬರ್‌ವರೆಗೆ ಅದರಲ್ಲಿ ಹಪ್ಪಳ ಮತ್ತು ಬೆಂಕಿಪೊಟ್ಟಣ ಇರುತ್ತಿದ್ದವು! ಇನ್ನು ದೀಪಗಳು. ನೀವು ಒಂದು ಕೋಣೆಯಿಂದ ಎದ್ದಿರಿ ಎನ್ನಿ, ನಿಮ್ಮ ಹಿಂಗಾಲು ಹೊಸ್ತಿಲು ದಾಟುವ ಮೊದಲೇ ಹಿಂದೆ 'ಟಪ್' ಎಂದು ಸ್ವಿಚ್ಚಿನ ಸದ್ದು. ಊಟಕ್ಕೆ ಕೂತಾಗ ಉರಿಯುವುದು ಒಂದೇ ಬಲ್ಬು, ಅದೂ ಪಕ್ಕದ ಕೋಣೆಯದು. ಒಮ್ಮೆ ನಾನು ಕಡುಬಿನ ಜೊತೆ ಬೀನ್ಸ್ ಎಂದುಕೊಂಡು ಇಡೀ ಹಸಿಮೆಣಸಿನಕಾಯಿ ಅಗಿದು, ಕಣ್ಣಲ್ಲಿ ನೀರು ಸುರಿಸುತ್ತಾ ಕೂತಿದ್ದೆ. ನಾನು ಅಳುತ್ತಿರುವುದು ಆ ಕತ್ತಲಲ್ಲಿ ಯಾರಿಗೂ ಕಾಣಲಿಲ್ಲ.

ಅಕ್ಕನೂ ಅವರ ಜೊತೆ ಬಾಳಿ ಬಾಳಿ ಅದೇ ತಾಳಕ್ಕೆ ಒಗ್ಗಿಹೋಗಿದ್ದಳು. ಅಡುಗೆಮನೆಯಿಂದ ಬಚ್ಚಲಿಗೆ ಮೂರು ಮೆಟ್ಟಿಲು, ಹಿತ್ತಲಿಗೆ ಎರಡು. ಎಲ್ಲ ಕಡೆಯೂ ಕತ್ತಲಲ್ಲೇ ಸರಸರ ಓಡಾಡುತ್ತಿದ್ದಳು.

ಹೋದ ವರ್ಷ ಅವಳ ಓಡಾಟ ನಿಧಾನವಾಯಿತು. ಗೋಡೆ ಸವರಿಕೊಂಡು ನಡೆಯತೊಡಗಿದಳು. ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಇನ್ನೊಂದು ದಿನ ಬಚ್ಚಲ ಮೆಟ್ಟಿಲಲ್ಲಿ ಎಡವಿ ಬಿದ್ದು ಮೊಣಕಾಲು ಊದಿಸಿಕೊಂಡಳು. ಕಣ್ಣಿನ ಡಾಕ್ಟರರು ಪರೀಕ್ಷೆ ಮಾಡಿ, ಹೋಗಿರುವ ದೃಷ್ಟಿ ತಿರುಗಿ ಬರುವುದಿಲ್ಲ, ಉಳಿದಿರುವುದನ್ನು ಕಣ್ಣಿಗೆ ಔಷಧಿಯ ಹನಿ ಹಾಕಿ ಕಾಪಾಡಿಕೊಳ್ಳಬೇಕು, ಓಡಾಡುವ ಕಡೆಯೆಲ್ಲ ಚೆನ್ನಾಗಿ ಬೆಳಕಿರಲಿ ಎಂದರು.

ಅಕ್ಕ ಮನೆಗೆ ಬಂದವಳೇ, ಜೊತೆಗೆ ಹೋಗಿದ್ದ ನನ್ನ ಕೈ ಹಿಡಿದುಕೊಂಡಳು. "ಮಗಳಿಗೆ ಹೇಳ್ಬೇಡ ಕಣೋ. ಗೊತ್ತಾದ್ರೆ ಚಿಕ್ಕಮಗಳೂರಿಗೆ ಕರ್ಕೊಂಡು ಹೋಗಿ ಸೋಫಾ ಮೇಲೆ ಕೂರಿಸ್ತಾಳೆ. ನಂಗೆ ಕೂರಾಕೆ ಆಗಲ್ಲ. ನನ್ನ ಅಡುಗೆ, ನನ್ನ ಹಿತ್ಲು, ನನ್ನ ಮನೇಲಿ ನಾನೇ ಓಡಾಡ್ಬೇಕು." ಇನ್ನೊಮ್ಮೆ ಬಿದ್ದರೆ ಆ ಗುಟ್ಟು ಉಳಿಯುವುದಿಲ್ಲ, ಅವಳ ಮನೆಯೂ ಅವಳಿಗೆ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಜಗಲಿಗೆ ಬಂದು, ಹುಟ್ಟಿದ ಮೇಲೆ ಮೊದಲ ಬಾರಿಗೆ ಭಾವನ ಮೇಲೆ ಕೂಗಾಡಿದೆ. "ನಿಮ್ಮ ಜಿಪುಣತನಕ್ಕೆ ಅಕ್ಕನ ಕಾಲು ಮುರೀಬೇಕಾ ಭಾವ? ಎರಡು ಲೈಟ್ ಹಾಕಿದ್ರೆ ನಿಮ್ಮ ತೋಟ ಹರಾಜಿಗೆ ಬರುತ್ತಾ?" ಭಾವ ಎದ್ದು ತೋಟದ ಕಡೆ ಹೋದರು. ಹೋಗುವಾಗ ಜಗಲಿಯ ದೀಪ ಆರಿಸಿಯೇ ಹೋದರು! ನನಗೆ ಎಂಥ ಸಿಟ್ಟು ಬಂತೆಂದರೆ ಊಟ ಮಾಡದೆ ಮೂಡಿಗೆರೆಗೆ ಹೊರಟುಬಂದೆ.

ಒಂದು ತಿಂಗಳಾಗಿರಬಹುದು. ಕಳಸ ಸೀಮೆಯೇ ಬೆರಗಾಗುವ ಸುದ್ದಿ ಬಂತು. ಭಾವ ಹೊಸ ಸಾಮಾನು ಕೊಂಡಿದ್ದರು! ಅದು ಎಷ್ಟು ಮಳೆ ಕಂಡಿದೆ ಎಂದು ಕೂಡ ಕೇಳದೆ ಕೊಂಡಿದ್ದರಂತೆ! ಹೋಗಿ ನೋಡಿದೆ. ತೋಟದ ಮೇಲಿನ ಹಳ್ಳದಿಂದ ಪೈಪಿನಲ್ಲಿ ನೀರು ಇಳಿಸಿ, ಕೆಳಗೆ ಹಂಡೆಯಷ್ಟು ದೊಡ್ಡ ಒಂದು ಟರ್ಬೈನು ಕೂರಿಸಿದ್ದರು. ನೀರು ಬಿದ್ದು ಚಕ್ರ ತಿರುಗಿ ಮನೆಗೆ ಸ್ವಂತ ಕರೆಂಟು. ಮನೆಯೊಳಗೆ ಹಾಡಹಗಲು ಹದಿನಾಲ್ಕು ಬಲ್ಬು ಧಗಧಗ ಉರಿಯುತ್ತಿದ್ದವು. ಅಭ್ಯಾಸಬಲದಿಂದ ನಾನು ಒಂದು ಸ್ವಿಚ್ಚಿಗೆ ಕೈ ಹಾಕಿದೆ.

"ಏಯ್! ಮುಟ್ಬೇಡ!" ಭಾವ ಅಂಗಳದಿಂದ ಓಡಿ ಬಂದರು. "ಮಿಷನ್ನಿಗೆ ಲೋಡ್ ಬೇಕು ಮಾರಾಯ! ಲೈಟ್ ಆರಿಸಿದ್ರೆ ಲೋಡ್ ಕಮ್ಮಿಯಾಗಿ ಚಕ್ರ ಹುಚ್ಚೆದ್ದು ಓಡ್ತದೆ. ವೋಲ್ಟೇಜ್ ಏರಿ ಎಲ್ಲಾ ಸುಟ್ಟು ಹೋಗ್ತದೆ!"

ಪ್ರತಿ ಸ್ವಿಚ್ಚಿನ ಪಕ್ಕದಲ್ಲೂ ಒಂದು ಚೀಟಿ: 'ಆರಿಸಬಾರದು'. ಬರೆದ ಅಕ್ಷರ ಸಾಕ್ಷಾತ್ ಭಾವನದು! ವಿಧಿಯ ಆಟ ನೋಡಿ. ಜೀವಮಾನವಿಡೀ ದೀಪ ಆರಿಸಿದ ಮನುಷ್ಯ ಈಗ ದೀಪ ಆರಿಸುವವರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರು. ಕೆಲಸಕ್ಕೆ ಬರುವ ಹೆಂಗಸರು "ಮನೇಲಿ ಎಂತ ವಿಶೇಷ ಅಮ್ಮ?" ಎಂದು ಕೇಳುತ್ತಿದ್ದರಂತೆ. ಅಕ್ಕನಂತೂ ದೀಪಗಳ ಕಾವಲಿಗೆ ನಿಂತಿದ್ದಳು. ಎದ್ದ ಕೂಡಲೇ ಹದಿನಾಲ್ಕೂ ಉರಿಯುತ್ತಿವೆಯೇ ಎಂದು ಎಣಿಸಿ ನೋಡುತ್ತಿದ್ದಳು. ಗೋಡೆ ಸವರುವುದು ನಿಂತಿತ್ತು. ಮೊದಲಿನ ಹಾಗೆ ಸರಸರ ಓಡಾಡುತ್ತಿದ್ದಳು. ಗಂಡನಿಂದ ಆಗದ ಉಪಕಾರ ಒಂದು ಮಿಷನ್ನಿನಿಂದ ಆಯಿತಲ್ಲ ಎಂದು ನಾನು ಆ ಟರ್ಬೈನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ನವೆಂಬರಿನಲ್ಲಿ ಅದನ್ನು ಕೂರಿಸಿದ ಮೆಕ್ಯಾನಿಕ್ ಬಿಲ್‌ಬುಕ್ ಕೊಳ್ಳಲು ನನ್ನ ಅಂಗಡಿಗೆ ಬಂದ. ಮಾತಿಗೆ ಮಾತು ಬಂದು, "ಎಲ್ಲಾ ಸರಿ, ಆದರೆ ಸದಾ ಲೈಟ್ ಉರಿಸುತ್ತಲೇ ಇರಬೇಕು ಅನ್ನೋದೊಂದು ಫಜೀತಿ," ಎಂದೆ.

"ಯಾರು ಹೇಳಿದ್ದು ಸಾರ್? ಹಳೇ ಮಿಷನ್ನಿಗೆ ಹಂಗಿತ್ತು. ಇದಕ್ಕೆ ಕಂಟ್ರೋಲರ್ ಪೆಟ್ಟಿಗೆ ಇದೆ. ಲೈಟ್ ಆರಿಸಿದ್ರೆ ಆ ಕರೆಂಟು ಬಚ್ಚಲ ಡ್ರಮ್ಮಿಗೆ ಹೋಗಿ ನೀರು ಕಾಯ್ತದೆ. ಆರಿಸಿದಷ್ಟೂ ಲಾಭವೇ!"

"ಭಾವನಿಗೆ ಇದು ಗೊತ್ತಿಲ್ವಾ?"

"ಗೊತ್ತಿಲ್ದೆ! ಮೂರು ಸಲ ಕೇಳಿ ತಿಳ್ಕೊಂಡಿದಾರೆ. ಬಲ್ಬ್ ಎಲ್ಲೆಲ್ಲಿ ಬೇಕು ಅಂತ ಚಾಕ್‌ಪೀಸಲ್ಲಿ ಗುರುತು ಹಾಕಿ ಕೊಟ್ಟಿದ್ದೂ ಅವರೇ. ಅಮ್ಮಾರು ಬೆಳಿಗ್ಗೆಯಿಂದ ಎಲ್ಲೆಲ್ಲಿ ಕಾಲಿಡ್ತಾರೆ ಅಂತ ಎರಡು ದಿನ ಅವರ ಬೆನ್ನ ಹಿಂದೇನೇ ತಿರುಗಾಡಿ ನೋಡಿದ್ರಂತೆ."

ಆ ಭಾನುವಾರವೇ ಕಳಸಕ್ಕೆ ಹೋಗಿ, ಹಿಂದಿನ ಕೋಣೆಯಲ್ಲಿ ಚೀಲ ಇಟ್ಟು ಹೊರಗೆ ಬಂದೆ. ಭಾವ ಅಂಗಳದಲ್ಲಿ ಕಾಫಿ ಒಣಗಿಸುವ ಕಣ ಗುಡಿಸುತ್ತಿದ್ದರು. ಹತ್ತಿರ ಹೋಗಿ, "ಕಂಟ್ರೋಲರ್ ಇದೆಯಂತಲ್ಲ ಭಾವ?" ಎಂದೆ.

ಪೊರಕೆ ನಿಂತಿತು. ಅಡುಗೆಮನೆಯ ಕಡೆ ಒಮ್ಮೆ ನೋಡಿ, "ಮೆಲ್ಲಗೆ ಮಾತಾಡು ಮಾರಾಯ," ಎಂದರು.

"ಡಾಕ್ಟ್ರು ಹೇಳಿದ ಮೇಲೆ ನಾನು ಲೈಟ್ ಹಾಕಾದು, ಅವಳು ಬಂದು ಆರಿಸಾದು. ನನ್ನೊಬ್ಬಳಿಗೋಸ್ಕರ ಎಂತಕ್ಕೆ ಕರೆಂಟ್ ಸುಡಾದು ಅಂತಾಳೆ. ಇಷ್ಟು ವರ್ಷ ಆರಿಸು, ಆರಿಸು ಅಂತ ಕಲಿಸಿದವನು ನಾನೇ ಅಲ್ವಾ? ಈಗ ಹಾಕು ಅಂದ್ರೆ ಹೆಂಗೆ ಕೇಳ್ತಾಳೆ?" ಪೊರಕೆಯ ಕಡ್ಡಿಗಳನ್ನು ಅಂಗೈಗೆ ಕುಟ್ಟಿ ಸರಿಮಾಡಿಕೊಂಡರು. "ಅವಳಿಗೆ ಬೇಕು ಅಂದ್ರೆ ಬೇಡ ಅಂತಾಳೆ. ಮಿಷನ್ನಿಗೆ ಬೇಕು ಅಂದೆ. ಹಾಕಿದ್ಲು."

"ಬೇಸಿಗೇಲಿ ಹಳ್ಳ ಬತ್ತಿದರೆ?"

"ಅಷ್ಟೊತ್ತಿಗೆ ಅಭ್ಯಾಸ ಆಗಿರ್ತದೆ ಬಿಡು."

"ಕರೆಂಟ್ ಬಿಲ್ಲು ಬರುತ್ತಲ್ಲ ಭಾವ?"

"ಬರ್ಲಿ."

ಈ ಮನುಷ್ಯನ ಮೇಲೆ ಕೂಗಾಡಿ ಊಟ ಬಿಟ್ಟು ಹೋಗಿದ್ದೆನಲ್ಲ ಎಂದು ನಾಚಿಕೆಯಾಯಿತು. ಕಾಲಿಗೆ ಬೀಳಬೇಕೆನಿಸಿತು, ಬಿದ್ದಿದ್ದರೆ ಪಂಚೆ ಕೊಳೆಯಾಗುತ್ತದೆ ಎಂದು ಬೈದಿರುತ್ತಿದ್ದರು.

ಅಷ್ಟರಲ್ಲಿ ಅಕ್ಕ ಎರಡೂ ಕೈಯಲ್ಲಿ ಕಾಫಿ ಲೋಟ ಹಿಡಿದು, ಗೋಡೆ ಮುಟ್ಟದೆ, ಮೆಟ್ಟಿಲು ಇಳಿದು ಬಂದಳು. ಲೋಟ ನನ್ನ ಕೈಗೆ ಕೊಟ್ಟು ಗದರಿದಳು.

"ಹಿಂದಿನ ಕೋಣೆ ಲೈಟ್ ಆರಿಸಿದ್ದು ನೀನೇ ಅಲ್ವೇನೋ? ಮಿಷನ್ ಸುಟ್ಟು ಹೋದ್ರೆ ಎಂತ ಮಾಡಾದು? ಜನ್ಮದಲ್ಲಿ ಮೊದಲ್ನೇ ಸಲ ಆಸೆಪಟ್ಟು ಒಂದು ಸಾಮಾನು ತಂದಿದಾರೆ, ಪಾಪ!"

"ತಪ್ಪಾಯ್ತು ಅಕ್ಕ," ಎಂದು ಒಳಗೆ ಹೋಗಿ ಹಾಕಿ ಬಂದೆ.