ಒಂದೇ ಸೀಟಿನ ರೇಸ್ ಕಾರಿಗೆ ಮಾಲೀಕರು ಎಷ್ಟು?

ಬಂಟ್ವಾಳದಲ್ಲಿ ಗ್ಯಾರೇಜು ಇಟ್ಟು ಇಪ್ಪತ್ತೈದು ವರ್ಷ ಆಯಿತು. ಬಾನೆಟ್ಟಿನೊಳಗೆ ಹೆಬ್ಬಾವು ನೋಡಿದ್ದೇನೆ, ಡಿಕ್ಕಿಯಲ್ಲಿ ಮರೆತುಹೋದ ಭಾವನನ್ನೂ ನೋಡಿದ್ದೇನೆ. ಇನ್ನು ಯಾವುದಕ್ಕೂ ಬೆಚ್ಚಿಬೀಳುವುದಿಲ್ಲ ಅಂತ ಅಂದುಕೊಂಡಾಗಲೆಲ್ಲ ಏನಾದರೂ ಒಂದು ಆಗುತ್ತದೆ. ಈ ಸಲ ಒಂದೇ ಕಾರಿನಿಂದ ನಾಲ್ಕು ಸಲ ಆಯಿತು.

ಬೋಟು

ಮೂಡುಬಿದಿರೆಯ ಹೋಟೆಲಿನ ಧಣಿಯೊಬ್ಬರು ನನ್ನನ್ನು ಅಳದಂಗಡಿಯ ಒಂದು ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಹಳೆಯ ರೇಸ್ ಕಾರು ಮಾರಾಟಕ್ಕೆ ಉಂಟು ಅಂತ ಅವರಿಗೆ ಯಾರೋ ಹೇಳಿದ್ದರು. ಮನೆಯ ಅಮ್ಮನಿಗೆ ಕಾರಿನ ಸುದ್ದಿಯೇ ಗೊತ್ತಿಲ್ಲ. ಕೊಟ್ಟಿಗೆಯಲ್ಲಿ ಹಲಗೆಯ ಮೇಲೆ ಉದ್ದಕ್ಕೆ ಏನೋ ಮಲಗಿತ್ತು. ಅದರ ಮೇಲೆ ಹಪ್ಪಳ ಒಣಗುತ್ತಿತ್ತು.

"ಅದು ಬೋಟು," ಅಂದರು ಅಮ್ಮ. "ತೀರಿಕೊಂಡ ನಮ್ಮ ಯಜಮಾನರೇ ತಂದದ್ದು."

ನಾನು ಅಟ್ಟ ಹತ್ತಿ ನಾಲ್ಕು ಚಕ್ರ, ಒಂದು ಸ್ಟಿಯರಿಂಗ್ ಇಳಿಸಿದೆ. ಅಮ್ಮ ಹಪ್ಪಳದ ಚಾಪೆ ಎತ್ತಿಕೊಂಡು ಬದಿಗೆ ಸರಿದರು. ನಾವು ಹೊರಡುವಾಗ ಮೆಲ್ಲ ಕರೆದರು.

"ಮಗಾ, ಹಿತ್ತಿಲಲ್ಲಿ ನೀರಿನ ಟಾಂಕಿ ಅಂತ ಒಂದುಂಟು. ಅದನ್ನೂ ಒಮ್ಮೆ ನೋಡಿ ಹೋಗು."

ಆಫೀಸು

ಕಾರು ಕೊಂಡ ಧಣಿಗೆ ಅದನ್ನು ಹಳೆಯ ವಾಹನಗಳ ಪ್ರದರ್ಶನಕ್ಕೆ ಕಳಿಸುವ ಹುಚ್ಚು ಹಿಡಿಯಿತು. ಪ್ರದರ್ಶನದವರು ಹಿಂದಿನ ಮಾಲೀಕರ ವಿವರ ಬೇಕೇ ಬೇಕು ಅಂದರು. ಹಳೆಯ ದಾಖಲೆ ಸಿಗಬಹುದೋ ಅಂತ ಆರ್‌ಟಿಒ ಆಫೀಸಿಗೆ ಹೋದೆವು. ಗುಮಾಸ್ತರು ಕನ್ನಡಕ ಏರಿಸಿ ಶುರು ಮಾಡಿದರು.

"ಆಸನ ಎಷ್ಟು?"

"ಒಂದು."

"ಡ್ರೈವರನ್ನು ಬಿಟ್ಟಾ?"

"ಸೇರಿಸಿ."

ಗುಮಾಸ್ತರು ಪೆನ್ನು ಕೆಳಗಿಟ್ಟರು. "ಬಾಗಿಲು?"

"ಇಲ್ಲ."

"ಹಾರ್ನು? ಲೈಟು?"

"ಇಲ್ಲ."

"ಮತ್ತೆ ಏನುಂಟು ಮಾರಾಯ್ರೇ?"

"ಇಂಜಿನ್ ಉಂಟು."

ಅವರು ತುಂಬ ಯೋಚಿಸಿ ಹೇಳಿದರು. "ಹಾಗಾದರೆ ಪಂಪ್‌ಸೆಟ್ಟಿನವರನ್ನು ಒಮ್ಮೆ ಕೇಳಿ."

ಮೈದಾನ

ಮೂರು ತಿಂಗಳು ಒದ್ದಾಡಿ ಇಂಜಿನಿಗೆ ಜೀವ ಬರಿಸಿದೆ. ಓಡಿಸಿ ನೋಡಲು ಮೈದಾನಕ್ಕೆ ತಂದೆವು. ಧಣಿ ಕಾಲು ಇಳಿಸಿದರು, ಸೊಂಟ ಇಳಿಸಿದರು, ಹೊಟ್ಟೆ ಮಾತ್ರ ಹೊರಗೇ ಉಳಿಯಿತು. ಉಸಿರು ಬಿಗಿ ಹಿಡಿದು ನೋಡಿದರೂ ಆಗಲಿಲ್ಲ. ತಿಂಡಿ ತಂದಿದ್ದ ಅವರ ಹೆಂಡತಿ ಬುತ್ತಿಯನ್ನು ನನ್ನ ಕೈಗೆ ಕೊಟ್ಟು, ಸೀರೆ ಸಿಕ್ಕಿಸಿ, ಒಳಗೆ ಕೂತೇಬಿಟ್ಟರು. ಕಾರು ಹಾರಿತು. ಮೂರು ಸುತ್ತು ಹೊಡೆದು ನಮ್ಮ ಮುಂದೆಯೇ ತಂದು ನಿಲ್ಲಿಸಿದರು.

ಧಣಿ ಕಾರಿನ ಹತ್ತಿರ ಓಡಿ ಬಂದರು. "ನಿನಗೆ ಗೇರು ಹಾಕಿ ಗಾಡಿ ಓಡಿಸ್ಲಿಕ್ಕೆ ಬರ್ತದಾ?"

"ನೀವು ದುಬೈಯಲ್ಲಿದ್ದ ಒಂಬತ್ತು ವರ್ಷ ಹೋಟೆಲಿಗೆ ತರಕಾರಿ ನಡೆದುಕೊಂಡು ಬಂತು ಅಂತ ಮಾಡಿದ್ದೀರಾ? ಪಿಕಪ್ ನಾನೇ ಓಡಿಸ್ತಿದ್ದದ್ದು."

ಈಗ ಕಾಗದದಲ್ಲಿ ಮಾಲೀಕರು ಧಣಿ. ಸೀಟು ಅವರ ಹೆಂಡತಿಯದ್ದು.

ಸನ್ಮಾನ

ಕಾರು ಕೊನೆಗೆ ಪ್ರದರ್ಶನಕ್ಕೂ ಹೋಯಿತು. ಅದಕ್ಕೆ ಮೊದಲು ನಡೆದದ್ದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಈ ಕಾರಿನ ಬಗ್ಗೆ ಗೊತ್ತಿದ್ದವರು ಬನ್ನಿ ಅಂತ ಧಣಿ ಹೋಟೆಲಿನ ಗೋಡೆಗೆ ಫೋಟೋ ಅಂಟಿಸಿದ್ದರು. ನೆರಿಯದಿಂದ ಒಬ್ಬ ಅಜ್ಜ ಬಂದರು. ಕೈಯಲ್ಲಿ ಹಳೆಯ ಚಿತ್ರ. ಅದೇ ಕಾರು, ಪಕ್ಕದಲ್ಲಿ ಬಹುಮಾನದ ಕಪ್ಪು ಹಿಡಿದು ನಿಂತ ಇದೇ ಅಜ್ಜ. ಅಳದಂಗಡಿಯವರಿಗೆ ಕಾರು ಕೊಟ್ಟದ್ದೂ ತಾನೇ ಅಂದರು. ಧಣಿಗೆ ಕಣ್ಣು ತುಂಬಿತು. ಮರುದಿನವೇ ಶಾಲು, ಹಣ್ಣಿನ ಬುಟ್ಟಿ, ಮೈಕು. ಹೋಟೆಲು ತುಂಬ ಜನ.

ಅಜ್ಜ ಮೈಕು ಹಿಡಿದರು. "ಆ ರೇಸಿನಲ್ಲಿ ಇದಕ್ಕೆ ಎರಡನೇ ಬಹುಮಾನ."

ಚಪ್ಪಾಳೆ.

"ಇದ್ದದ್ದು ಎರಡೇ ಕಾರು."

ಚಪ್ಪಾಳೆ ನಿಂತಿತು.

"ಇದು ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತು. ನೋಡಲು ಹೋಗಿದ್ದ ನಾನು ಹಿಂದಿನಿಂದ ತಳ್ಳಿದೆ. ಗೆರೆ ದಾಟಿಸಿದೆ. ಕಪ್ಪನ್ನು ನನಗೇ ಕೊಟ್ಟರು."

ಧಣಿಯ ಮುಖ ಬಿಳುಚಿತ್ತು. ಆದರೂ ಪ್ರದರ್ಶನದವರ ಫಾರ್ಮು ಅವರ ಕಿಸೆಯಲ್ಲೇ ಇತ್ತು. ಮೆಲ್ಲ ಬಗ್ಗಿ ಕೇಳಿದರು. "ಅದಿರಲಿ ಅಜ್ಜ, ಕಾರು ಓಡಿಸುತ್ತಿದ್ದ ಮಾಲೀಕರು ಯಾರು?"

"ಅದು ಗೊತ್ತಾಗಲೇ ಇಲ್ಲ," ಅಂದರು ಅಜ್ಜ ಮೈಕಿನಲ್ಲೇ. "ಗೆರೆ ದಾಟಿಸಿ ತಲೆ ಎತ್ತಿ ನೋಡುತ್ತೇನೆ, ಸೀಟಿನಲ್ಲಿ ಜನ ಇಲ್ಲ. ಅವರು ಬಸ್ಸು ಹತ್ತಿ ಹೋಗಿ ಆಗಿತ್ತು."